ಸ್ವಂತ ಗಾಡಿ ಇಲ್ಲದೆ ತೊಣ್ಣೂರು ಕೆರೆ: ರೈಲು, ಬಸ್ಸು, ಕಾಲ್ನಡಿಗೆಯಲ್ಲಿ ಒಂದು ಪೂರ್ತಿ ದಿನ

ಗಾಡಿ ಇಲ್ಲದೆ ತೊಣ್ಣೂರು ಕೆರೆಗೆ ಹೊರಟವರು ಎಡವುವುದು ಹೆಚ್ಚುಕಮ್ಮಿ ಒಂದೇ ರೀತಿಯಲ್ಲಿ. ಭಾನುವಾರ ತಿಂಡಿ ಮುಗಿಸಿ ನಿಧಾನಕ್ಕೆ ಮನೆ ಬಿಡುತ್ತಾರೆ. ರೈಲು, ಆಟೋ, ಬಸ್ಸು ಬದಲಾಯಿಸಿ ಕೆರೆಯ ಏರಿಯ ಮೇಲೆ ಕಾಲಿಡುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಬಿಸಿಲಿಗೆ ನಡೆಯಲಾಗದೆ ನೀರಿಗಿಳಿಯುವ ಆಸೆಯಾಗುತ್ತದೆ, ಇಳಿಯಬಾರದ ಕಡೆಯೇ ಇಳಿಯುತ್ತಾರೆ. ಐದೂವರೆಗೆ ಬಸ್ಸಿಗೆ ಕಾಯಲು ಶುರುಮಾಡಿ, ಅದು ಐದಕ್ಕೇ ಹೋಗಿದೆ ಎಂದು ಆರಕ್ಕೆ ತಿಳಿದು, ಕತ್ತಲಲ್ಲಿ ಆಟೋದವರು ಕೇಳಿದಷ್ಟು ಕೊಟ್ಟು ಬರುತ್ತಾರೆ. ಇಷ್ಟಕ್ಕೂ ಮೂಲ ಒಂದೇ: ದಿನವನ್ನು ಬೆಳಗಿನಿಂದ ಲೆಕ್ಕ ಹಾಕಿದ್ದು. ಗಾಡಿ ಇಲ್ಲದವರು ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಕೆರೆ ತೊಣ್ಣೂರು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಊರು. ಪಾಂಡವಪುರ ಪೇಟೆಯಿಂದ ಸುಮಾರು 10 ಕಿ.ಮೀ. ದೂರ. ಎರಡು ಕಲ್ಲುಗುಡ್ಡಗಳ ನಡುವೆ ಏರಿ ಕಟ್ಟಿ ನೀರು ನಿಲ್ಲಿಸಿದ ಕೆರೆ ಇದು. ಮುಂದೆ ಹೇಳುವ ಅರ್ಧದಷ್ಟು ಎಚ್ಚರಿಕೆಗಳು ಹುಟ್ಟುವುದೇ ಈ ರಚನೆಯಿಂದ, ಹಾಗಾಗಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಹೊರಡುವ ಹಿಂದಿನ ದಿನ ಜೋಡಿಸಬೇಕಾದ ಸಾಮಾನು

ಇಡೀ ದಿನ ಚೀಲ ನಿಮ್ಮ ಬೆನ್ನ ಮೇಲೆಯೇ ಇರುತ್ತದೆ. ಬಿಟ್ಟುಹೋಗಲು ಡಿಕ್ಕಿ ಇಲ್ಲ. ನೀರೂ ಸೇರಿ 6 ಕೆ.ಜಿ. ದಾಟದಂತೆ ನೋಡಿಕೊಳ್ಳಿ.

ನೀರು: ತಲೆಗೆ 3 ಲೀಟರ್. ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರ್ ಬೇಕೇ ಬೇಕು. ಎರಡು ಲೀಟರ್ ಮನೆಯಿಂದ ತನ್ನಿ, ಒಂದನ್ನು ಪಾಂಡವಪುರದಲ್ಲಿ ತುಂಬಿಸಿಕೊಳ್ಳಿ. ಎರಡು ಓಆರ್‌ಎಸ್ ಪೊಟ್ಟಣ ಇರಲಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಊಟ: ಹುಳಿ-ಎಣ್ಣೆ ಹಾಕಿದ ಪುಳಿಯೋಗರೆ, ಇಲ್ಲವೇ ಚಪಾತಿ-ಚಟ್ನಿಪುಡಿ. ಕಾಯಿತುರಿ ಹಾಕಿದ ಚಿತ್ರಾನ್ನ, ಕಾಯಿಚಟ್ನಿ ಬೇಡ. ಬೆಳಿಗ್ಗೆ ಐದಕ್ಕೆ ಡಬ್ಬಿಗೆ ಹಾಕಿದ್ದು ಬೆನ್ನಚೀಲದ ಶಾಖಕ್ಕೆ ಮಧ್ಯಾಹ್ನದೊಳಗೆ ಹಳಸಿರುತ್ತದೆ.

ಕಾಲಿಗೆ: ಅಡಿಯ ಗೆರೆ ಸವೆಯದ ಶೂ. ಜೊತೆಗೆ ಒಂದು ಜೊತೆ ಹಳೆಯ ದಪ್ಪ ಸಾಕ್ಸ್. ಗುಡಿಯ ಮುಂದೆ ಚಪ್ಪಲಿ ಬಿಟ್ಟಾಗ ಹತ್ತು ಗಂಟೆಯ ಚಪ್ಪಡಿ ಅಂಗಾಲು ಸುಡುತ್ತದೆ, ಆಗ ಅದು ಬೇಕಾಗುತ್ತದೆ.

ಉಳಿದದ್ದು: ಅಗಲ ಅಂಚಿನ ಟೋಪಿ, 10 ಮೀಟರ್ ನೈಲಾನ್ ಹಗ್ಗ, ಮುಚ್ಚಳ ಗಟ್ಟಿಯಿರುವ 5 ಲೀಟರಿನ ಖಾಲಿ ಕ್ಯಾನು (ಯಾಕೆಂದು ಆರನೇ ಹಂತದಲ್ಲಿ ಹೇಳಿದೆ), ಸಣ್ಣ ಟಾರ್ಚು, ಪವರ್ ಬ್ಯಾಂಕ್, 10 ಮತ್ತು 20 ರೂಪಾಯಿಯ ಚಿಲ್ಲರೆ, ಒಂದು ತುಂಡು ಕಾಗದ, ಪೆನ್ನು. ಗುಡ್ಡದ ಮರೆಯಲ್ಲಿ ಸಿಗ್ನಲ್ ಹೋದಾಗ ಯುಪಿಐ ನೆಚ್ಚಿಕೊಂಡವರು ಟೀ ಅಂಗಡಿಯ ಮುಂದೆ ಪೇಚಾಡುತ್ತಾರೆ. ಪಾಂಡವಪುರ ತಾಲ್ಲೂಕಿನ ಆಫ್‌ಲೈನ್ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಹಂತ 1: ವಾಪಸ್ಸು ಬರುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ

ಕಾಗದದ ಮೇಲೆ ಮೂರು ಸಮಯ ಬರೆದುಕೊಳ್ಳಿ. ಒಂದು, ಅಂದಿನ ಸೂರ್ಯಾಸ್ತ. ಈ ಭಾಗದಲ್ಲಿ ನವೆಂಬರಿನಲ್ಲಿ ಆರಕ್ಕೆ ಸ್ವಲ್ಪ ಮೊದಲೇ ಮುಳುಗುತ್ತದೆ, ಜೂನ್-ಜುಲೈನಲ್ಲಿ ಆರು ಮುಕ್ಕಾಲರ ಆಸುಪಾಸು. ಎರಡು, ಪಾಂಡವಪುರದಿಂದ ನಿಮ್ಮ ಊರಿನ ಕಡೆಗೆ ಸಂಜೆ ಹೋಗುವ ರೈಲು. ಮೂರು, ತೊಣ್ಣೂರಿನಿಂದ ಪಾಂಡವಪುರಕ್ಕೆ ಬರುವ ಕೊನೆಯ ಬಸ್ಸು.

ಮೊದಲೆರಡು ಫೋನಿನಲ್ಲೇ ಸಿಗುತ್ತವೆ. ಮೂರನೆಯದು ಸಿಗುವುದು ಕಂಡಕ್ಟರ್ ಬಾಯಲ್ಲಿ ಮಾತ್ರ. ಹಳ್ಳಿ ಬಸ್ಸಿನ ಸಮಯ ಶಾಲೆ ರಜೆ, ಭಾನುವಾರ, ಹಬ್ಬ ಎಂದರೆ ಬದಲಾಗುತ್ತದೆ, ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳು ಹಳೆಯವು. ಅದಕ್ಕೆ ಬೆಳಿಗ್ಗೆ ಹೋಗುವಾಗಲೇ ಕೇಳಬೇಕು.

ಕೇಳುವ ರೀತಿಯೂ ಮುಖ್ಯ. ‘ಸಂಜೆ ಬಸ್ ಇದೆಯಾ?’ ಎಂದರೆ ‘ಇದೆ’ ಎನ್ನುತ್ತಾರೆ, ಅಷ್ಟೇ. ‘ಅಣ್ಣ, ಇವತ್ತು ತೊಣ್ಣೂರಿಂದ ಪಾಂಡವಪುರಕ್ಕೆ ಲಾಸ್ಟ್ ಬಸ್ ಎಷ್ಟೊತ್ತಿಗೆ? ಅದರ ಹಿಂದಿನದು ಎಷ್ಟಕ್ಕೆ?’ ಎಂದು ಕೇಳಿ. ಇದನ್ನೇ ಊರಿನ ಟೀ ಅಂಗಡಿಯಲ್ಲೂ ಒಮ್ಮೆ ಕೇಳಿ. ಎರಡು ಉತ್ತರ ಬೇರೆಯಾದರೆ ಬೇಗನೆಯದನ್ನೇ ನಂಬಿ.

ನಿಮ್ಮ ಬಸ್ಸು ಕೊನೆಯದರ ಹಿಂದಿನದು. ಕೊನೆಯದು ಅದು ತಪ್ಪಿದರೆ ಎಂದು ಇಟ್ಟುಕೊಂಡಿರುವುದು. ಈ ಒಂದು ನಿಯಮ ಪಾಲಿಸಿದವರು ಸಂಜೆ ಸಿಕ್ಕಿಹಾಕಿಕೊಳ್ಳುವುದು ತೀರಾ ಅಪರೂಪ.

ದಿನ ಆರಿಸುವಾಗ ಭಾನುವಾರ ಬಿಡಿ. ಜನ ಜಾಸ್ತಿ, ಬಸ್ಸು ಕಡಿಮೆ. ಏಪ್ರಿಲ್-ಮೇ ಕೂಡ ಬಿಡಿ: ಮಧ್ಯಾಹ್ನದವರೆಗೆ ಉರಿಬಿಸಿಲು, ಆಮೇಲೆ ಗುಡುಗು ಮಳೆ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್-ಏಪ್ರಿಲ್ ನಡುವೆ ಮೇಲುಕೋಟೆಯಲ್ಲಿ ವೈರಮುಡಿ ಉತ್ಸವ ಬರುತ್ತದೆ. ಆ ವಾರ ಈ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಹಂತ 2: ಪಾಂಡವಪುರ ತಲುಪುವುದು

ಪಾಂಡವಪುರ ರೈಲು ನಿಲ್ದಾಣ ಬೆಂಗಳೂರು–ಮೈಸೂರು ಮಾರ್ಗದಲ್ಲಿದೆ. ಮಂಡ್ಯ ದಾಟಿ ಯಲಿಯೂರು, ಬ್ಯಾಡರಹಳ್ಳಿ, ಆಮೇಲೆ ಪಾಂಡವಪುರ, ಅದರ ಮುಂದಿನದು ಶ್ರೀರಂಗಪಟ್ಟಣ. ಇಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ಪ್ಯಾಸೆಂಜರ್, ಮೆಮು ನೆಚ್ಚಿಕೊಳ್ಳಿ. ಎಕ್ಸ್‌ಪ್ರೆಸ್ ಹತ್ತುವ ಮುಂಚೆ ಅದರ ನಿಲುಗಡೆ ಪಟ್ಟಿಯಲ್ಲಿ ಪಾಂಡವಪುರದ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಬೆಂಗಳೂರಿನಿಂದ ಬರುವವರು ಮಂಡ್ಯದಲ್ಲಿಳಿದು ಬಸ್ಸು ಹಿಡಿಯುವುದು ಸರಿ.

ಟಿಕೆಟ್ಟಿನ ವಿಷಯದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಪ್ಯಾಸೆಂಜರ್ ಟಿಕೆಟ್ ಕೊಂಡು, ಮುಂದೆ ಬಂದ ಎಕ್ಸ್‌ಪ್ರೆಸ್ ಹತ್ತಿಬಿಡುವುದು ಮೊದಲನೆಯದು. ದರ ಬೇರೆ, ಟಿ.ಟಿ.ಇ. ಬಂದರೆ ದಂಡ ಕಟ್ಟಬೇಕು. ಹಳಿಯ ಪಕ್ಕ ನಿಂತು ಆ್ಯಪ್‌ನಲ್ಲಿ ಕಾಗದರಹಿತ ಟಿಕೆಟ್ ಮಾಡಲು ಹೋಗುವುದು ಎರಡನೆಯದು. ಅಷ್ಟು ಹತ್ತಿರದಲ್ಲಿ ಅದು ಆಗುವುದಿಲ್ಲ. ನಿಲ್ದಾಣಕ್ಕೆ ಬರುವ ದಾರಿಯಲ್ಲೇ ಮುಗಿಸಿ, ಇಲ್ಲವೇ ನಿಲ್ದಾಣದಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಬಳಸಿ.

ನಿಲ್ದಾಣ ಪಾಂಡವಪುರ ಪೇಟೆಯೊಳಗಿಲ್ಲ, ಕೆಲವು ಕಿಲೋಮೀಟರ್ ಆಚೆಗಿದೆ. ಇಳಿದ ಕೂಡಲೇ ಹೊರಗೆ ಬನ್ನಿ. ಶೇರ್ ಆಟೋ ತುಂಬುವುದು ರೈಲು ಬಂದ ಮೊದಲ ಐದು ನಿಮಿಷದಲ್ಲಿ. ಪ್ಲಾಟ್‌ಫಾರಂನಲ್ಲಿ ಫೋಟೋ ತೆಗೆಯುತ್ತ ನಿಂತವರಿಗೆ ಉಳಿಯುವುದು ಒಂಟಿ ಬಾಡಿಗೆ.

ಮೈಸೂರಿನವರಿಗೆ ಇಷ್ಟೆಲ್ಲ ಬೇಡ. ಅಲ್ಲಿಂದ ಪಾಂಡವಪುರಕ್ಕೆ ಸುಮಾರು 25 ಕಿ.ಮೀ., ನೇರ ಬಸ್ಸುಗಳಿವೆ. ಶಕ್ತಿ ಯೋಜನೆಯಲ್ಲಿ ಹೋಗುವ ಹೆಣ್ಣುಮಕ್ಕಳು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಂಡಿರಬೇಕು, ಶೂನ್ಯ ದರದ ಟಿಕೆಟ್ಟನ್ನು ಕೇಳಿ ಪಡೆಯಬೇಕು. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ.

ಹಂತ 3: ಪಾಂಡವಪುರದಿಂದ ಕೆರೆಗೆ

ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ ಹತ್ತಬೇಡಿ, ಕೇಳಿ ಹತ್ತಿ. ‘ಕೆರೆ ತೊಣ್ಣೂರು ಊರೊಳಕ್ಕೆ ಹೋಗುತ್ತಾ, ಇಲ್ಲ ಗೇಟಲ್ಲೇ ಇಳಿಸ್ತೀರಾ?’ ಈ ಸೀಮೆಯಲ್ಲಿ ಗೇಟು ಎಂದರೆ ಮುಖ್ಯರಸ್ತೆಯಿಂದ ಊರಿಗೆ ಒಡೆಯುವ ತಿರುವು. ಗೇಟಿನಲ್ಲಿ ಇಳಿಸುವ ಬಸ್ಸುಗಳು ಹೆಚ್ಚು, ಊರೊಳಕ್ಕೆ ಹೋಗುವವು ಕಡಿಮೆ. ಗೇಟಿನಿಂದ ಏರಿಯವರೆಗಿನ ದೂರವನ್ನು ಮ್ಯಾಪ್‌ನಲ್ಲಿ ಮೊದಲೇ ಅಳೆದಿಡಿ. ಮಟ್ಟಸ ರಸ್ತೆಯಲ್ಲಿ ಬೆಳಗಿನ ಹೊತ್ತು ಗಂಟೆಗೆ 4 ಕಿ.ಮೀ. ಸಾಗುತ್ತೀರಿ, ಬಿಸಿಲೇರಿದ ಮೇಲೆ 3.

ನಾಲ್ಕು ಜನರಿದ್ದರೆ ಹೋಗುವಾಗ ಆಟೋ ಮಾಡಿಕೊಳ್ಳುವುದು ಜಾಣತನ. ಬೆಳಗಿನ ಒಂದೊಂದು ನಿಮಿಷಕ್ಕೂ ಬೆಲೆಯಿದೆ, ಸಂಜೆಗೆ ಬಸ್ಸು ಇದ್ದೇ ಇದೆ. ಬಾಡಿಗೆ ಮಾತಾಡುವಾಗ ‘ಹೋಗೋಕೆ ಮಾತ್ರ’ ಎಂದು ಬಿಡಿಸಿ ಹೇಳಿ. ಇಳಿಯುವಾಗ ಚಾಲಕರ ನಂಬರನ್ನು ಫೋನಿನ ಜೊತೆಗೆ ಕಾಗದದಲ್ಲೂ ಬರೆದುಕೊಳ್ಳಿ. ‘ಬಸ್ ಸಿಗದಿದ್ರೆ ಫೋನ್ ಮಾಡ್ತೀನಿ, ಎಷ್ಟಕ್ಕೆ ಬರ್ತೀರಣ್ಣ?’ ಎಂದು ಆಗಲೇ ದರ ಕೇಳಿಟ್ಟುಕೊಂಡರೆ ಕತ್ತಲಲ್ಲಿ ಚೌಕಾಸಿ ಮಾಡುವ ಪಾಡಿಲ್ಲ.

ಗೇಟಿನಿಂದ ನಡೆಯುವಾಗ ರಸ್ತೆಯ ಬಲಗಡೆ, ಎದುರು ಬರುವ ಗಾಡಿಗೆ ಮುಖಮಾಡಿ ನಡೆಯಿರಿ. ಕಬ್ಬು ಕಟಾವಿನ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಓಡಾಡುತ್ತವೆ. ಹೇರಿದ ಜಲ್ಲೆ ಟ್ರೇಲರಿಗಿಂತ ಎರಡಡಿ ಆಚೆ ಚಾಚಿರುತ್ತದೆ, ಹಿಂದಿನ ಟ್ರೇಲರು ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ. ಸದ್ದು ಕೇಳಿದರೆ ಡಾಂಬರು ಬಿಟ್ಟು ಕೆಳಗಿಳಿದು ನಿಲ್ಲಿ. ಹಾದಿಯಲ್ಲಿ ನಾಲೆ ಕಂಡರೆ ಕೈಕಾಲು ತೊಳೆಯಲೂ ಇಳಿಯಬೇಡಿ. ಸಿಮೆಂಟಿನ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ.

ಹಂತ 4: ಬೆಳಗಿನ ಮೊದಲ ಹೊತ್ತು ಏರಿಗೆ, ಹಕ್ಕಿಗೆ

ಎಂಟಕ್ಕೆ ಮುಂಚೆ ಏರಿ ಮೇಲಿರುವುದು ಗುರಿ. ಹಗಲು ಏರುತ್ತ ಹೋದಂತೆ ಗಾಳಿ ಎದ್ದು ನೀರು ಕದಡುತ್ತದೆ. ಕನ್ನಡಿಯಂಥ ಕೆರೆ ನೋಡಲು ಸಿಗುವುದು ಬೆಳಿಗ್ಗೆ ಮಾತ್ರ.

ಏರಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವುದು ದೊಡ್ಡ ಕೆಲಸವಲ್ಲ, ನಿಧಾನವಾಗಿ ನಡೆಯುವುದೇ ಕಷ್ಟ. ಸೂರ್ಯ ಬೆನ್ನ ಹಿಂದಿರುವಂತೆ ನಿಂತು ಹಕ್ಕಿ ನೋಡಿ. ಎದುರು ಬೆಳಕಿನಲ್ಲಿ ಎಲ್ಲ ಹಕ್ಕಿಯೂ ಕಪ್ಪು. ಬೈನಾಕ್ಯುಲರ್ ಇದ್ದರೆ 8×40 ಅಥವಾ 8×42 ಸಾಕು. 12ರ ಮೇಲಿನದು ಕೈನಡುಕಕ್ಕೇ ಕುಣಿಯುತ್ತದೆ.

ಆಳದ ಕೆರೆಯಾದ್ದರಿಂದ ಕೆಸರಿನಲ್ಲಿ ಮೇಯುವ ಹಕ್ಕಿಗಳಿಗಿಂತ ಮುಳುಗಿ, ಎರಗಿ ಮೀನು ಹಿಡಿಯುವವನ್ನು ಹುಡುಕಿ. ರೆಕ್ಕೆ ಹರಡಿ ಬಂಡೆಯ ಮೇಲೆ ಒಣಗಲು ಕೂತದ್ದು ನೀರುಕಾಗೆ. ಕಪ್ಪು-ಬಿಳಿ ಮಿಂಚುಳ್ಳಿಯನ್ನು ಗುರುತಿಸಲು ಪುಸ್ತಕ ಬೇಡ: ನೀರಿನಿಂದ ಎರಡಾಳೆತ್ತರದಲ್ಲಿ ಕೊಕ್ಕನ್ನು ನೇರ ಕೆಳಕ್ಕೆ ಮಾಡಿ, ಬಾಲ ಅಗಲಿಸಿ, ರೆಕ್ಕೆ ಬಡಿಯುತ್ತ ಒಂದೇ ಜಾಗದಲ್ಲಿ ನಿಲ್ಲುತ್ತದೆ. ತಲೆ ಮಾತ್ರ ಕದಲುವುದಿಲ್ಲ. ನೋಡುತ್ತಿದ್ದಂತೆ ರೆಕ್ಕೆ ಮಡಚಿ ಕಲ್ಲಿನ ಹಾಗೆ ಬೀಳುತ್ತದೆ. ತಪ್ಪಿದರೆ ಮೇಲೇರಿ, ಹತ್ತಿಪ್ಪತ್ತು ಅಡಿ ಸರಿದು ಮತ್ತೆ ನಿಲ್ಲುತ್ತದೆ. ಹತ್ತು ನಿಮಿಷ ಅಲ್ಲಾಡದೆ ಕೂತರೆ ಈ ಆಟ ಪೂರ್ತಿ ನೋಡಬಹುದು.

ಹಂತ 5: ಬಂಡೆ, ಗುಡ್ಡ, ಹೆಜ್ಜೇನು

ಗುಡ್ಡ ಹತ್ತುವುದಿದ್ದರೆ ಹತ್ತು ಗಂಟೆಯೊಳಗೆ ಇಳಿದಿರಬೇಕು. ಮೊದಲ ಸಲ ಬಂದವರು ಯೋಗನರಸಿಂಹ ಗುಡಿಯ ಗುಡ್ಡವನ್ನೇ ಆರಿಸಿಕೊಳ್ಳಿ. ದಾರಿ ತಪ್ಪುವ ಭಯವಿಲ್ಲ. ಊರಿನಲ್ಲಿ ನಂಬಿನಾರಾಯಣ, ವೇಣುಗೋಪಾಲ ಗುಡಿಗಳೂ ಇವೆ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಗುಡ್ಡ ಇಳಿದ ಕೂಡಲೇ ನೋಡಿ ಮುಗಿಸಿ.

ಬಂಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು ಮಳೆನೀರು ಹರಿದ ಜಾಡು. ಒಣಗಿದಾಗ ಅವು ಒರಟು, ಒಂದು ಹನಿ ಬಿದ್ದರೆ ಎಣ್ಣೆ ಸವರಿದಂತೆ. ಮೋಡವಿದ್ದ ದಿನ ಬೂದುಬಣ್ಣದ ಕಲ್ಲಿನ ಮೇಲೆಯೇ ಕಾಲಿಡಿ. ಹತ್ತಿದ ಜಾಗದಿಂದಲೇ ಇಳಿಯಬೇಕು. ‘ಆ ಕಡೆಯಿಂದ ಇಳಿಯೋಣ’ ಎಂದವರೇ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವುದು. ಹತ್ತುವಾಗ ಕಾಣದ ಕಡಿದು, ಇಳಿಯುವಾಗ ಕಾಲ ಕೆಳಗೆ ಬಂದಿರುತ್ತದೆ.

ಕಲ್ಲಿನ ಚಾಚಿನಡಿ, ಗೋಪುರದ ಮೂಲೆಯಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ಮೊದಲು ತಲೆಯೆತ್ತಿ ನೋಡಿ. ತಟ್ಟಿ ನಿಶ್ಚಲವಾಗಿದ್ದರೆ ಸದ್ದಿಲ್ಲದೆ ದೂರದಿಂದ ದಾಟಿ. ತಟ್ಟಿಯ ಮೇಲೆ ಹೊಳೆಯುವ ಅಲೆಯೊಂದು ಪಕ್ಕದಿಂದ ಪಕ್ಕಕ್ಕೆ ಹಾದುಹೋದಂತೆ ಕಂಡರೆ ಹುಳುಗಳು ನಿಮ್ಮನ್ನು ಗಮನಿಸಿವೆ ಎಂದರ್ಥ, ಆಗಲೇ ಹಿಂದಕ್ಕೆ ಸರಿಯಿರಿ. ಸೆಂಟು, ಬೀಡಿ-ಸಿಗರೇಟು, ಡ್ರೋನು ಮೂರೂ ಅವನ್ನು ಕೆಣಕುತ್ತವೆ. ಎದ್ದುಬಿಟ್ಟರೆ ಮುಖಕ್ಕೆ ಬಟ್ಟೆ ಸುತ್ತಿ, ಕೈ ಬೀಸದೆ, ಮನೆಯೋ ಗಾಡಿಯೋ ಸಿಗುವವರೆಗೆ ಓಡಿ. ನೀರಿಗೆ ಹಾರಬೇಡಿ. ಅವು ಮೇಲೆಯೇ ಕಾಯುತ್ತವೆ, ನಿಮಗೆ ಉಸಿರಿಗಾಗಿ ತಲೆ ಎತ್ತಲೇಬೇಕು. ಕೊಂಡಿಯನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಮುಖ ಊದಿದರೆ, ಉಸಿರು ಕಟ್ಟಿದರೆ 108.

ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಗುಡ್ಡವನ್ನೂ ಏರಿಯನ್ನೂ ಬಿಟ್ಟು ಊರೊಳಕ್ಕೆ ಬನ್ನಿ.

ಹಂತ 6: ನೀರಿನ ಹತ್ತಿರ

ನಿಧಾನವಾಗಿ ಓದಬೇಕಾದ ಹಂತ ಇದು.

ಕೆರೆಯ ಏರಿಯನ್ನು ಕಟ್ಟುವುದು ನೀರು ಹರಿದುಹೋಗುವ ಅತಿ ತಗ್ಗಿನ ಜಾಗಕ್ಕೆ ಅಡ್ಡಲಾಗಿ. ಹಾಗಾಗಿ ಕೆರೆಯ ಅತಿ ಆಳದ ನೀರು ಇರುವುದು ಏರಿಯ ಬುಡದಲ್ಲೇ. ಬಸ್ಸಿಳಿದು ಬರುವವರಿಗೆ ಮೊದಲು ಸಿಗುವುದೂ ಏರಿಯೇ, ಮೆಟ್ಟಿಲಿನಂತೆ ಜೋಡಿಸಿದ ಕಲ್ಲುಗಳು ಇಳಿಯಲು ಕರೆಯುವಂತಿರುವುದೂ ಅಲ್ಲಿಯೇ. ಮೊದಲ ಕಲ್ಲಿನಲ್ಲಿ ಮೊಣಕಾಲು, ಎರಡನೆಯದರಲ್ಲಿ ಸೊಂಟ, ಅದರಾಚೆ ತಳವೇ ಸಿಗುವುದಿಲ್ಲ. ನೀರಿನೊಳಗಿನ ಕಲ್ಲಿಗೆ ಪಾಚಿ ಬೇರೆ.

ತೊಣ್ಣೂರಿನ ತಿಳಿನೀರು ಇದಕ್ಕೆ ಇನ್ನೊಂದು ಮೋಸ ಸೇರಿಸುತ್ತದೆ. ನೀರು ಬೆಳಕನ್ನು ಬಾಗಿಸುವುದರಿಂದ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೆ ನಿಜವಾದ ಆಳದ ಮುಕ್ಕಾಲು ಮಾತ್ರ ಕಾಣುವುದು, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನಾಲ್ಕೂವರೆ ಅಡಿ ಎಂದು ತೋರುವ ಜಾಗದಲ್ಲಿ ಆರಡಿ ನೀರಿರುತ್ತದೆ. ‘ತಳ ಕಾಣುತ್ತಲ್ಲ’ ಎಂಬುದು ಇಳಿಯಲು ಕಾರಣವಾಗಬಾರದು.

ಈಜಬೇಡಿ. ಈಜುಕೊಳದಲ್ಲಿ ಕಲಿತವರಿಗೂ ಈ ಮಾತು ಅನ್ವಯಿಸುತ್ತದೆ. ಇಲ್ಲಿ ಹಿಡಿದು ನಿಲ್ಲಲು ಅಂಚಿಲ್ಲ, ಕಾಯಲು ಯಾರೂ ಇಲ್ಲ. ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿ) ಹತ್ತಿರವಂತೂ ಕಾಲು ಇಳಿಬಿಟ್ಟು ಕೂರುವುದೂ ಬೇಡ. ತೂಬು ಎತ್ತಿದ್ದರೆ ಮೇಲ್ಮೈ ಸುಮ್ಮನಿದ್ದರೂ ಅಡಿಯಲ್ಲಿ ಸೆಳೆತವಿರುತ್ತದೆ. ಎಲೆ, ಕಸ ಒಂದೇ ಕಡೆಗೆ ಸುತ್ತುತ್ತ ಸರಿಯುತ್ತಿದ್ದರೆ ಅದೇ ಗುರುತು. ಕೋಡಿ ಬಿದ್ದಿರುವಾಗ, ಅಂದರೆ ಕೆರೆ ತುಂಬಿ ಹೆಚ್ಚಿನ ನೀರು ಹೊರಹರಿಯುತ್ತಿರುವಾಗ, ಕೋಡಿಯ ಕಲ್ಲಿನ ಮೇಲೆ ನಡೆಯಬೇಡಿ. ಮೊಣಕಾಲಿನಷ್ಟು ಹರಿವ ನೀರು ಆಳನ್ನು ಕೆಡವಲು ಸಾಕು.

ಕಾಲು ನೆನೆಸಲೇಬೇಕೆಂದರೆ ಏರಿಯಿಂದ ದೂರ ಬನ್ನಿ. ಕೆರೆಯ ಅಂಗಳ ಸಮತಟ್ಟಾಗಿ ನೀರಿಗಿಳಿಯುವ ಮರಳು-ಜಲ್ಲಿ ದಡದಲ್ಲಿ, ಕೋಲಿನಿಂದ ಮುಂದಿನ ಹೆಜ್ಜೆ ಮುಟ್ಟಿ ನೋಡುತ್ತ, ಮೊಣಕಾಲಿನವರೆಗೆ ಮಾತ್ರ. ಕೆಸರಿದ್ದಲ್ಲಿ ಬೇಡ.

ದೋಣಿ ಅಥವಾ ತೆಪ್ಪ ಸಿಕ್ಕರೆ ಗಾಳಿ ಏಳುವ ಮುಂಚೆ ಹೋಗಿ. ಲೈಫ್ ಜಾಕೆಟ್ ಇಲ್ಲವೆಂದರೆ ಹತ್ತಬೇಡಿ. ಹಾಕಿಕೊಂಡ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಕಿವಿಯವರೆಗೆ ಬಂದರೆ ಅದು ನಿಮಗೆ ದೊಡ್ಡದು, ನೀರಿನಲ್ಲಿ ಕಳಚಿ ಮೇಲಕ್ಕೆ ಹೋಗುತ್ತದೆ. ತೆಪ್ಪದಲ್ಲಿ ಎದುರುಬದುರು ತೂಕ ಸಮ ಮಾಡಿ, ತಳದ ಮೇಲೆಯೇ ಕೂತುಕೊಳ್ಳಿ. ತೆಪ್ಪ ಮಗುಚುವುದು ಫೋಟೋಗೆಂದು ಎಲ್ಲರೂ ಒಂದೇ ಬದಿಗೆ ವಾಲಿದಾಗ. ಗಾಳ ಹಾಕುವ ಆಸೆಯಿದ್ದವರು ಮೀನಿನ ಹಕ್ಕು ಗುತ್ತಿಗೆ ಹಿಡಿದವರನ್ನು ಮೊದಲು ಕೇಳಬೇಕು.

ಯಾರಾದರೂ ಮುಳುಗುತ್ತಿದ್ದರೆ: ಮುಳುಗುವವರು ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತ, ಕೈಗಳು ಅಕ್ಕಪಕ್ಕ ನೀರನ್ನು ಅದುಮುತ್ತಿರುತ್ತವೆ. ಆಟವಾಡುತ್ತಿದ್ದಾರೆ ಎನಿಸುತ್ತದೆ. ಸಿಗುವ ಸಮಯ ಒಂದು ನಿಮಿಷಕ್ಕಿಂತ ಕಡಿಮೆ. ನೀವು ಹಾರಬೇಡಿ. ಒಬ್ಬರ ಹಿಂದೆ ಇನ್ನೊಬ್ಬರು ಹೋಗುವುದು ಹೀಗೆಯೇ. 5 ಲೀಟರಿನ ಕ್ಯಾನಿಗೆ ಎಸೆಯಲು ಭಾರ ಬರುವಂತೆ ಎರಡು ಲೋಟ ನೀರು ಹಾಕಿ, ಮುಚ್ಚಳ ಬಿಗಿದು, ಹಿಡಿಗೆ ಹಗ್ಗ ಕಟ್ಟಿ, ಅವರ ತಲೆಯನ್ನು ದಾಟಿ ಬೀಳುವಂತೆ ಎಸೆದು ನಿಧಾನವಾಗಿ ಎಳೆಯಿರಿ. ದಡದ ಹತ್ತಿರವಾದರೆ ಸೀರೆ, ಪಂಚೆ, ಉದ್ದನೆ ಕೋಲು ಯಾವುದೂ ಆದೀತು. ನೀವು ಮಲಗಿ ಎಳೆಯಿರಿ, ನಿಂತರೆ ನಿಮ್ಮನ್ನೇ ಎಳೆಯುತ್ತಾರೆ.

ಮೇಲೆ ತಂದ ಮೇಲೆ ತಲೆಕೆಳಗಾಗಿ ಎತ್ತಬೇಡಿ, ಹೊಟ್ಟೆ ಒತ್ತಬೇಡಿ. ಉಸಿರಿಲ್ಲದಿದ್ದರೆ ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು 5 ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಹೀಗೆಯೇ ಸಹಾಯ ಬರುವವರೆಗೆ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನು ಮಾಡಲಿ. ಎದ್ದು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು, ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆಗಳ ನಂತರ ತೊಂದರೆ ಕೊಡಬಹುದು.

ಹಂತ 7: ಹನ್ನೆರಡರಿಂದ ಮೂರರವರೆಗೆ

ನೆರಳಿಗೆ ಹೋಗಿ. ಏರಿ ಬಿಟ್ಟು ಊರಿನ ಕಡೆಯ ಮರದಡಿ ಊಟ ಮಾಡಿ, ಒಂದು ನಿದ್ದೆ ತೆಗೆಯಿರಿ. ಕೋತಿಗಳಿದ್ದರೆ ತಿಂಡಿಯನ್ನು ಕಾಣುವ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಕವರಿನ ಸರಸರ ಸದ್ದಿಗೇ ಬರುತ್ತವೆ. ಪೊದೆಯ ಬದಿ, ಹುತ್ತದ ಹತ್ತಿರ, ಕಲ್ಲುರಾಶಿಯ ಮೇಲೆ ಕೂರುವ ಮುಂಚೆ ಕೋಲಿನಿಂದ ತಟ್ಟಿ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ದಬ್ಬೆ ಕೊಟ್ಟು, ನಡೆಸದೆ, ಪಾಂಡವಪುರದ ಸರ್ಕಾರಿ ಆಸ್ಪತ್ರೆಗೆ ಸಾಗಿಸಿ.

ಚಳಿಗಾಲದಲ್ಲಿ ಬಂದವರು ದಾರಿಯಲ್ಲಿ ಬೆಲ್ಲ ಕಾಯಿಸುವ ಆಲೆಮನೆ ಹೊಗೆಯಾಡುತ್ತಿದೆಯೇ ನೋಡಿ. ಕೇಳಿಕೊಂಡು ಒಳಗೆ ಹೋದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಕೊಪ್ಪರಿಗೆಯಿಂದ ನಾಲ್ಕು ಹೆಜ್ಜೆ ದೂರವಿರಿ. ಕುದಿಯುವ ಪಾಕ ಮೈಗೆ ಹಾರಿದರೆ ಅಂಟಿಕೊಂಡು ಸುಡುತ್ತದೆ.

ತಲೆ ಸಿಡಿತ, ಓಕರಿಕೆ, ಬೆವರು ನಿಂತು ಮೈ ಬಿಸಿಯೇರುವುದು ಬಿಸಿಲು ಬಡಿದ ಲಕ್ಷಣ. ಬಟ್ಟೆ ನೆನೆಸಿ ಕತ್ತು, ಕಂಕುಳಿಗೆ ಒತ್ತಿ ಗಾಳಿ ಹಾಕಿ. ಮಾತು ತೊದಲಿದರೆ ಕಾಯದೆ ಆಂಬುಲೆನ್ಸ್ ಕರೆಸಿ.

ಹಂತ 8: ಸಂಜೆ ಮತ್ತು ವಾಪಸ್ಸು

ಮೂರೂವರೆಗೆ ಮತ್ತೆ ಏರಿಗೆ ಬನ್ನಿ, ಬೆಳಿಗ್ಗೆ ಬೆಳಕು ಎದುರಿದ್ದ ಕಡೆ ಈಗ ಚೆನ್ನಾಗಿ ಕಾಣುತ್ತದೆ. ನಿಮ್ಮ ಬಸ್ಸಿಗೆ 20 ನಿಮಿಷ ಮುಂಚೆ ನಿಲ್ದಾಣದಲ್ಲಿರಿ. ಹಳ್ಳಿ ಬಸ್ಸು ತಡವಾಗುವಂತೆಯೇ ಬೇಗನೂ ಬರುತ್ತದೆ. ಸೂರ್ಯಾಸ್ತದ ಫೋಟೋಗೆಂದು ಉಳಿಯುವ ಆಸೆಯಿದ್ದರೆ ಆಟೋದವರಿಗೆ ಮಧ್ಯಾಹ್ನವೇ ಫೋನು ಮಾಡಿ ಖಚಿತ ಮಾಡಿಕೊಳ್ಳಿ. ಹಾಗೆ ಮಾಡದೆ ಉಳಿಯಬೇಡಿ.

ಕಸವೆಲ್ಲ ಚೀಲಕ್ಕೆ. ಬಾಟಲಿ, ಕವರನ್ನು ಪಾಂಡವಪುರದ ಕಸದ ತೊಟ್ಟಿವರೆಗೆ ಹೊತ್ತೊಯ್ಯಿರಿ. ಏರಿಯ ಮೇಲೆ ಬಿಟ್ಟದ್ದು ಗಾಳಿಗೆ ನೀರಿಗೇ ಹೋಗುತ್ತದೆ, ಆ ನೀರು ಕೆಳಗಿನ ಗದ್ದೆಗೆ ಹರಿಯುತ್ತದೆ.

ಸೈಕಲ್ಲಿನಲ್ಲಿ ಬರುವವರಿಗೆ

ಮೈಸೂರಿನಿಂದ ಒಂದು ಕಡೆಗೆ 35ರಿಂದ 40 ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬನ್ನಿ.

ಕೆರೆಯ ಸುತ್ತ ಕಾಡುವುದು ಜಾಲಿಮುಳ್ಳು. ಪಂಚರಾದಾಗ ಟ್ಯೂಬು ಬದಲಾಯಿಸಿ ಹತ್ತು ನಿಮಿಷಕ್ಕೆ ಮತ್ತೆ ಪಂಚರಾಗಲು ಕಾರಣ ಒಂದೇ: ಮುಳ್ಳು ಟೈರಿನಲ್ಲೇ ಉಳಿದಿರುತ್ತದೆ. ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಮೈ ಮೇಲೆ ಬಟ್ಟೆಯ ಚೂರನ್ನು ಪೂರ್ತಿ ಸುತ್ತು ಎಳೆಯಿರಿ. ಮುಳ್ಳಿದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಪ್ಯಾಚ್ ಹಾಕುವವರು ಉಜ್ಜಿ, ಸೊಲ್ಯೂಶನ್ ಸವರಿ, ಮುಟ್ಟಿದರೆ ಅಂಟದಷ್ಟು ಒಣಗಲು ಐದು ನಿಮಿಷ ಬಿಡಿ. ಹಸಿಯಲ್ಲೇ ಅಂಟಿಸಿದ ಪ್ಯಾಚ್ ಗಾಳಿ ಹೊಡೆದ ಕೂಡಲೇ ಕಿತ್ತು ಬರುತ್ತದೆ.

ಎಲ್ಲ ಬಸ್ಸೂ ತಪ್ಪಿದರೆ

ಗೇಟಿನವರೆಗೆ ಬೆಳಕಿರುವಾಗಲೇ ನಡೆದುಬಿಡಿ. ಮುಖ್ಯರಸ್ತೆಯಲ್ಲಿ ಪಾಂಡವಪುರದ ಕಡೆಗೆ ಬಸ್ಸು ಸಿಗುವ ಸಾಧ್ಯತೆ ಊರೊಳಗಿಗಿಂತ ಹೆಚ್ಚು. ಕತ್ತಲಾಗಿದ್ದರೆ ನಡೆಯಬೇಡಿ, ಅಂಗಡಿ ಬೆಳಕಿನಲ್ಲಿ ಕೂತು ಕಾಗದದಲ್ಲಿರುವ ನಂಬರಿಗೆ ಫೋನು ಮಾಡಿ. ಸಿಗ್ನಲ್ ಇಲ್ಲದಿದ್ದರೆ ಅಂಗಡಿಯವರ ಫೋನು ಕೇಳಿ. ಪಾಂಡವಪುರ ತಲುಪಿದ ಮೇಲೆ ಬೆಂಗಳೂರಿನ ರೈಲು ಹೋಗಿದ್ದರೆ ಸ್ಟೇಷನ್ನಿನಲ್ಲಿ ರಾತ್ರಿ ಕಾಯುವುದಕ್ಕಿಂತ ಮೈಸೂರಿನ ಬಸ್ಸು ಹತ್ತಿ. ದಾರಿ ಹಿಂದಕ್ಕೆ ಹೋದಂತೆ ಕಂಡರೂ ಅಲ್ಲಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸುಗಳಿವೆ.